ಸಂದು

ಫಿರ್ದೋಸ್, ಈ ಸಲ ಹ್ಯಾರೊಗೇಟಿಗೆ ನೀನು ಹೋಗು.
ನನ್ನ ಮಂಡಿ ಒಲ್ಲೆ ಅಂದಿದೆ.
ಲೀಡ್ಸಿನಲ್ಲಿ ರೈಲು ಬದಲಿಸಲು ಆರೇ ನಿಮಿಷ, ಓಡಬೇಡ,
ಅರ್ಧ ಗಂಟೆಗೆ ಇನ್ನೊಂದು ಬರುತ್ತದೆ.
ಮೊದಲ ಭಾಷಣ ತಪ್ಪಿದರೆ ಏನೂ ತಪ್ಪುವುದಿಲ್ಲ:
ಅಧ್ಯಕ್ಷರು ಪ್ರಾಯೋಜಕರಿಗೆ ವಂದಿಸುತ್ತಾರೆ,
ಪ್ರಾಯೋಜಕರು ಅಧ್ಯಕ್ಷರಿಗೆ.

ಕೊರಳಿಗೊಂದು ಬಿಲ್ಲೆ ಕೊಡುತ್ತಾರೆ.
ದಾರ ಗಿಡ್ಡ ಮಾಡಿ ಗಂಟು ಹಾಕಿಕೋ,
ಇಲ್ಲದಿದ್ದರೆ ಜನ ನಿನ್ನ ಹೊಟ್ಟೆಯ ಜೊತೆ ಮಾತಾಡುತ್ತಾರೆ.
ನನ್ನ ಬಿಲ್ಲೆಯಲ್ಲಿ ಗುಡ್ಡದಮನಿ ಹಿಡಿಸಲಿಲ್ಲ,
ಯಂತ್ರ ‘ಗುಡ್’ ಅಂತ ಕತ್ತರಿಸಿ ಕೈ ತೊಳೆದುಕೊಂಡಿತು.
ಗುಡ್ಡವೂ ಹೋಯಿತು, ಮನೆಯೂ ಹೋಯಿತು,
ಎರಡು ದಿನ ನಾನು ಮಿಸೆಸ್ ಗುಡ್.
ತಿದ್ದಲಿಲ್ಲ. ಆ ಹೆಸರಿಗೆ ನನಗಿಂತ ತುಸು ಧೈರ್ಯ ಹೆಚ್ಚಿತ್ತು.

ಮೊದಲ ವರ್ಷ ಉಡಿ ಒಡ್ಡಿಕೊಂಡು ಹೋಗಿದ್ದೆ:
ಅರವತ್ಮೂರು ಕಾರ್ಡು, ಒಂಬತ್ತು ಪೆನ್ನು,
ಹಿಮಕರಡಿಯ ಆಕಾರದ ಒಂದು ಬಾಟಲಿ ಕೀಲಿ.
ಲೆಸ್ಟರಿಗೆ ಬಂದು ಟೇಬಲ್ಲಿನ ಮೇಲೆ ಹರವಿದರೆ
ಒಂದಕ್ಕೂ ಮುಖವಿಲ್ಲ.
ಡಂಕನ್ ಯಾರು? ಬೊಕ್ಕತಲೆಯವನೋ, ಸಾಸಿವೆ ಬಣ್ಣದ ಟೈಯವನೋ?
ಎಲ್ಲರಿಗೂ ಒಂದೇ ಪತ್ರ ಬರೆದೆ.
ಅರವತ್ಮೂರೂ ಜನ ಒಗ್ಗಟ್ಟಾಗಿ ಸುಮ್ಮನಿದ್ದರು.

ಅದಕ್ಕೇ ಹೇಳುತ್ತೇನೆ, ಕಾರ್ಡು ಇಸಕೊಂಡ ಕೂಡಲೇ
ಅದರ ಬೆನ್ನಿಗೆ ಬರೆದಿಡು: ‘ಮಗಳು ದನದ ಡಾಕ್ಟರು,
ಹಲ್ ಗೋದಾಮಿನಲ್ಲಿ ನೆಲ ಬೆವರುತ್ತದೆ.’
ಪಾಯಖಾನೆಗೆ ಹೋಗಿ ಬರೆ, ಎದುರಿಗೆ ಬೇಡ.
ಲೆಸ್ಟರಿನವರ ಜೊತೆ ಊಟಕ್ಕೆ ಕೂಡಬೇಡ,
ಅವರ ಸುದ್ದಿ ಇಲ್ಲೇ ಸಿಗುತ್ತದೆ, ಪುಕ್ಕಟೆ.

ನಾವು ಮಾರುವುದಾದರೂ ಏನು? ರಬ್ಬರಿನ ಅಂಚು.
ಶೀತಲಕೋಣೆಯ ಬಾಗಿಲಿಗೂ ಚೌಕಟ್ಟಿಗೂ ನಡುವೆ
ಬೆರಳಗಲದ ಕಪ್ಪು ಪಟ್ಟಿ.
ಸರಿಯಿದ್ದಷ್ಟು ದಿನ ಯಾರ ಕಣ್ಣಿಗೂ ಬೀಳದು.
ಊರವರ ಸಂದು ಮುಚ್ಚಿ ಹೊಟ್ಟೆ ಹೊರೆಯುವ ನಾವು
ಅಲ್ಲಿಗೆ ಹೋಗುವುದು ಮಾತ್ರ ಸಂದು ಹುಡುಕಿಕೊಂಡು:
ಎರಡು ಭಾಷಣಗಳ ನಡುವಿನದು,
ಕಾಫಿ ಯಂತ್ರ ಕೆಟ್ಟು ಸಾಲು ನಿಂತಾಗಿನದು,
ಕೋಟು ಕೊಡುವ ಕಿಟಕಿಯ ಮುಂದೆ
ಮಳೆ ನಿಲ್ಲಲಿ ಅಂತ ಇಬ್ಬರು
ಸುಮ್ಮನೆ ನಿಂತಿರುತ್ತಾರಲ್ಲ, ಅದು.

ಮೂರನೇ ವರ್ಷ, ಎರಡನೇ ದಿನ, ಸಂಜೆ ನಾಲ್ಕೂವರೆ.
ಎಲ್ಲರೂ ಗಾಲಿಪೆಟ್ಟಿಗೆ ಎಳೆದುಕೊಂಡು ಸ್ಟೇಷನ್ನಿಗೆ ಹೊರಟಿದ್ದರು.
ಕೊನೆಯ ಕೋಣೆಯಲ್ಲಿ ಗ್ರಿಮ್ಸ್‌ಬಿಯ ಮೀನು ಗೋದಾಮಿನ
ಕ್ಲೈವ್ ಅಂಡರ್‌ಡೌನ್ ಮಾತಾಡುತ್ತಿದ್ದ.
ಇನ್ನೂರು ಕುರ್ಚಿ, ನಾವು ಐದು ಜನ,
ಅದರಲ್ಲೊಬ್ಬ ಮೈಕಿನವನು, ಇನ್ನೊಬ್ಬನಿಗೆ ನಿದ್ದೆ.
ಪರದೆಯ ಮೇಲೆ ಒಂದು ನಕ್ಷೆ ಸಿಕ್ಕಿಬಿದ್ದು ಮುಂದೆ ಹೋಗಲೊಲ್ಲದು.
ಅವನು ಅದನ್ನು ಅಲ್ಲಿಗೇ ಬಿಟ್ಟು
ಒಂದು ರಾತ್ರಿಯ ಸಂಗತಿ ಹೇಳಿದ:
ಬಾಗಿಲು ಹಿಮಕ್ಕೆ ಹತ್ತಿಕೊಂಡಿತು. ಒಳಗಿದ್ದ ಹುಡುಗ
ಕಾಡ್ ಮೀನಿನ ಪೆಟ್ಟಿಗೆ ಎತ್ತಿ ಇಳಿಸಿ, ಇಳಿಸಿ ಎತ್ತಿ
ಐವತ್ತು ನಿಮಿಷ ಮೈ ಬಿಸಿ ಕಾದುಕೊಂಡ.
‘ಈಗ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ’ ಅಂದ.
ಯಾರೂ ನಗಲಿಲ್ಲ. ನಾನು ನಕ್ಕೆ, ಆಮೇಲೆ ಅವನೂ.

ಕಾರ್ಡು ಕೊಡಲಿಲ್ಲ ನಾನು.
ಅವನು ವಯರು ಸುತ್ತುತ್ತಿದ್ದ, ಇನ್ನೊಂದು ತುದಿ ಹಿಡಿದುಕೊಂಡೆ.
ಹತ್ತಿಕೊಳ್ಳುವ ಮೊದಲು ಆ ಬಾಗಿಲು
ಏನಾದರೂ ಸದ್ದು ಮಾಡುತ್ತಿತ್ತಾ? ಕೇಳಿದೆ.
ಸುತ್ತುವುದು ನಿಂತಿತು.
‘ಒಂದು ವಾರ ಸಿಳ್ಳೆ ಹಾಕಿತು.
ತನಿಖೆಗೆ ಬಂದವರೂ ಇದನ್ನ ಕೇಳಲಿಲ್ಲ.’

ಆರ್ಡರು? ಬಂತು, ಹದಿನಾಲ್ಕು ತಿಂಗಳ ಮೇಲೆ,
ಎರಡೇ ಎರಡು ಬಾಗಿಲಿಗೆ.
ಹೋಟೆಲಿನ ಬಿಲ್ಲೂ ಹುಟ್ಟಲಿಲ್ಲ ಅಂತ
ಗ್ರೆಗರಿ ಇವತ್ತಿಗೂ ಲೆಕ್ಕ ತೋರಿಸುತ್ತಾನೆ.
ತೋರಿಸಲಿ.
ವರ್ಷಕ್ಕೆ ಒಂದೆರಡು ಸಲ, ಹೊತ್ತಲ್ಲದ ಹೊತ್ತಿನಲ್ಲಿ
ನನ್ನ ಫೋನು ಬಡಕೊಳ್ಳುತ್ತದೆ. ಹಲೋ ಇಲ್ಲ, ಏನಿಲ್ಲ,
ಕ್ಲೈವ್ ಅದನ್ನು ಬಾಗಿಲಿನ ಅಂಚಿಗೆ ಹಿಡಿದಿರುತ್ತಾನೆ.
ಗ್ರಿಮ್ಸ್‌ಬಿಯ ಥಂಡಿ ಲೆಸ್ಟರಿನ ನನ್ನ ಹಾಸಿಗೆಯಲ್ಲಿ
ಸಣ್ಣಗೆ ಸಿಳ್ಳೆ ಹಾಕುತ್ತದೆ.
ಕಣ್ಣು ಮುಚ್ಚಿ ಕೇಳಿ, ಹೇಳುತ್ತೇನೆ:
ಮೇಲಿನ ಮೂಲೆ. ಕೀಲಿನ ಕಡೆ.

ಅವನ ನಂಬರು ಈ ಹಾಳೆಯ ಹಿಂದೆ ಇದೆ.
ಮುಲ್ಲಾನವರ ಅನ್ನುವುದನ್ನು
ಎಲ್ಲಿಗೆ ಕತ್ತರಿಸಿದರು, ಬಂದು ಹೇಳು.